ಕೆನ್ನೆಯ ನೀಲಿ ಗೆರೆ

ಹೆದರಿದರೆ ನಮ್ಮೆಲ್ಲರ ಕೆನ್ನೆಯ ರಕ್ತನಾಳ ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ನಾನು ದುಪಟ್ಟಾ ಮರೆಯಲ್ಲೇ ಓಡಾಡುವವಳು. ಇಂದು ನನ್ನ ದವಡೆಯ ಆಪರೇಷನ್. ಕಣ್ಣಂಚಿನಿಂದಿಳಿದು ದವಡೆ ದಾಟುವ ಆ ನಾಳಕ್ಕೆ ಬ್ಲೇಡು ತಗುಲಿದರೆ ರಕ್ತ ನಿಲ್ಲಿಸುವುದು ಕಷ್ಟ. ಅರಿವಳಿಕೆಗೆ ಮೊದಲು, ಹೊಳಪಿರುವಾಗಲೇ, ಡಾಕ್ಟರ್ ಅದರ ಮೇಲೆ ಪೆನ್ನಿನಿಂದ ಗೆರೆ ಎಳೆಯಬೇಕು. ಧೈರ್ಯ ಹೇಳುವವರನ್ನು ಒಳಗೆ ಬಿಡುವುದಿಲ್ಲ.

ಡಾಕ್ಟರ್ ಗೆರೆ ಎಳೆಯುತ್ತಿರುವಾಗಲೇ, ಮುಖಕ್ಕೆ ಸೆರಗು ಮುಚ್ಚಿಕೊಂಡು ಹೇಗೋ ನುಸುಳಿ ಬಂದ ಅಮ್ಮ ನನ್ನ ಕೈ ಹಿಡಿದಳು. "ನಾನಿದೀನಲ್ಲ ಪುಟ್ಟಿ. ಏನೂ ಆಗಲ್ಲ."

ಮನಸ್ಸು ಹಗುರಾಯಿತು.

"ಆರಿಹೋಗ್ತಿದೆ ಡಾಕ್ಟ್ರೇ," ಎಂದರು ನರ್ಸ್ ಫಿಲೋಮಿನಾ.

ಪೆನ್ನು ಕೆನ್ನೆಯ ನಡುವೆಯೇ ನಿಂತಿತು. "ದವಡೆ ಹತ್ರದ್ದೇ ಬಾಕಿ. ಸ್ವಲ್ಪ ಹೆದರ್ಕೊಳ್ಳಮ್ಮ," ಎಂದರು ಡಾಕ್ಟರ್.

ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಅಮ್ಮನ ಕಡೆ ತಿರುಗಿದೆ. ಸೆರಗು ಜಾರಿತ್ತು. ಅವಳ ಕೆನ್ನೆ ಕಡುನೀಲಿಯಾಗಿ ಉರಿಯುತ್ತಿತ್ತು.

"ಹಾಂ, ಬಂತು," ಎಂದು ಡಾಕ್ಟರ್ ಗೆರೆ ಮುಂದುವರಿಸಿದರು.