ಬಾಯಿ ಮಾತ್ರ ಅವಳದು

"ಇವತ್ತು ನೀನು ಬೇಡ. ಮೈಕು ಇಲ್ಲಿ ಕೊಡು" ಎಂದು ಮೇಷ್ಟ್ರು ಕೈ ಚಾಚಿದರು. ಆ ಗಾಜಿನ ಗೂಡಿನಲ್ಲಿ ಅವಳ ಜೊತೆ ಸರದಿಯ ಮೇಲೆ ದುಭಾಷಿಯಾಗಿದ್ದ ಹಿರಿಯರನ್ನು ಎಲ್ಲರೂ ಕರೆಯುತ್ತಿದ್ದದ್ದೇ ಮೇಷ್ಟ್ರು ಅಂತ.

"ಬೇಡಿ ಮೇಷ್ಟ್ರೇ. ನಮ್ಮ ಅನುವಾದ ಊರಿನ ರೇಡಿಯೊದಲ್ಲಿ ನೇರ ಬರುತ್ತೆ, ಅಮ್ಮ ಹಚ್ಕೊಂಡು ಕಾಯ್ತಿರ್ತಾಳೆ. ಒಳ್ಳೆ ಸುದ್ದಿ ನನ್ನ ಬಾಯಲ್ಲೇ ಕೇಳ್ಲಿ."

ಕೆಳಗೆ ದೇಶದೇಶಗಳವರು ಸೇರಿದ್ದ ಸಭಾಂಗಣದಲ್ಲಿ ಬೂದು ಕೋಟಿನ ಪ್ರತಿನಿಧಿ ಎದ್ದು ನಿಂತರು. ಹೊಸ ಜ್ವರಕ್ಕೆ ಔಷಧಿ ತಯಾರಾಗುತ್ತಿದ್ದದ್ದು ಅವರ ದೇಶದಲ್ಲಿ. ಇಂಥ ಕಾಯಿಲೆ ಹಬ್ಬಿದಾಗ ಔಷಧಿಯ ಒಂದು ಪಾಲನ್ನು ಇಲ್ಲದ ದೇಶಗಳಿಗೂ ಕೊಡಲೇಬೇಕೆಂಬ ಒಪ್ಪಂದಕ್ಕೆ ಅವರು ಹೂಂ ಎನ್ನುತ್ತಾರೋ ಉಹೂಂ ಎನ್ನುತ್ತಾರೋ ಎಂದು ಅರ್ಧ ಜಗತ್ತು ಕಾದು ಕೂತಿತ್ತು. ಆ ಅರ್ಧದಲ್ಲಿ ಅವಳ ಊರಿನ ಆಸ್ಪತ್ರೆಯೂ ಇತ್ತು, ಅಲ್ಲಿ ಏದುಸಿರು ಬಿಡುತ್ತಾ ಮಲಗಿದ್ದ ಅಮ್ಮನೂ ಇದ್ದಳು. ಔಷಧಿ ಬರುವುದು ಅನುಮಾನ ಎಂದು ಡಾಕ್ಟರೇ ಹೇಳಿದರೂ ಅಮ್ಮ ನಂಬಿರಲಿಲ್ಲವಂತೆ. ನನ್ನ ಮಗಳು ಅಲ್ಲೇ ಇದ್ದಾಳೆ, ಅವಳ ಮುಂದೆ ಇಲ್ಲ ಅನ್ನೋಕೆ ಅವರಿಗೆ ಬಾಯಿ ಬರುತ್ತಾ ಎಂದು ಇಡೀ ವಾರ್ಡಿಗೆ ಧೈರ್ಯ ಹೇಳುತ್ತಿದ್ದಾಳೆಂದು ಬೆಳಗ್ಗೆಯಷ್ಟೇ ಅಕ್ಕ ಫೋನು ಮಾಡಿದ್ದಳು. ಮಗಳ ಕೆಲಸ ಏನೆಂದು ಅಮ್ಮನಿಗೆ ಯಾವತ್ತೂ ಸರಿಯಾಗಿ ಅರ್ಥವಾಗಿರಲಿಲ್ಲ.

ಪ್ರತಿನಿಧಿ ಬೆಲ್ಲದಂಥ ಮಾತುಗಳಿಂದ ಶುರು ಮಾಡಿದರು. ನೊಂದವರ ಜೊತೆ ನಾವಿದ್ದೇವೆ, ಮನುಕುಲವೆಲ್ಲ ಒಂದೇ ಕುಟುಂಬ. ಅವರು ನಾವು ಎಂದರೆ ಇವಳೂ ನಾವು ಎನ್ನಬೇಕು. ಅವರು ಹೀಗೆನ್ನುತ್ತಿದ್ದಾರೆ ಎಂದು ನಡುವೆ ಸೇರಿಸುವಂತಿಲ್ಲ, ಅದು ಆ ಕೆಲಸದ ನಿಯಮ. ಅವಳು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೇಳುತ್ತಾ ಹೋದಳು. ಆದರೆ ಅಷ್ಟು ಬೆಲ್ಲ ಸುರಿದವರು ಹಿಂದೆಯೇ ಬೇವು ಇಟ್ಟುಕೊಂಡಿರುತ್ತಾರೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಬೇವು ಬಂತು. ಅವಳ ಬಾಯಿ ಕಟ್ಟಿತು. ಕೆಳಗೆ ಕೂತಿದ್ದ ಅವಳ ದೇಶದವರು ಕಿವಿಯ ಯಂತ್ರ ತಟ್ಟಿ ನೋಡುತ್ತಾ ಗಾಜಿನ ಗೂಡಿನತ್ತ ತಿರುಗಿದರು. ಮೇಷ್ಟ್ರ ಬೆರಳು ಮೈಕಿನ ಗುಂಡಿಯ ಹತ್ತಿರ ಬಂತು. ಅವಳು ಆ ಬೆರಳನ್ನು ಪಕ್ಕಕ್ಕೆ ಸರಿಸಿ ಹೇಳಿಯೇಬಿಟ್ಟಳು: "ಆದರೆ ನಮಗೆ ನಮ್ಮ ಜನ ಮೊದಲು. ಉಳಿದವರು ಮುಂದಿನ ವರ್ಷದವರೆಗೆ ಕಾಯಬೇಕು. ಈಗ ನಾವು ಕೊಡುವುದಿಲ್ಲ."

ದನಿ ಒಂದಿಷ್ಟೂ ನಡುಗಲಿಲ್ಲ ಎಂದು ಮೇಷ್ಟ್ರು ಆಮೇಲೆ ಮೆಚ್ಚಿಕೊಂಡರು. ಅವಳಿಗೆ ಅಳು ಬಂತು. ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದಳು.

"ಅಮ್ಮ ಕೇಳಿಸ್ಕೊಂಡ್ಲಾ?"

"ಹೂಂ."

"ಅದು ನನ್ನ ಮಾತಲ್ಲ ಅಂತ ಹೇಳು ಅಕ್ಕಾ. ಆ ಮನುಷ್ಯ ಹೇಳಿದ್ದು ಅಂತ ಹೇಳು."

"ಹೇಳ್ದೆ ಕಣೇ. ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ, ನನ್ನ ಮಗಳೇ ಕೊಡಲ್ಲ ಅಂದ್ಮೇಲೆ ಔಷಧಿ ಇಲ್ಲ ಅಂತಲೇ ಅರ್ಥ ಅಂತಾಳೆ." ಅಕ್ಕ ದನಿ ತಗ್ಗಿಸಿದಳು. "ಇನ್ನು ಇಲ್ಲಿದ್ದು ಏನು, ಮನೆಗೆ ಹೋಗೋಣ ಅಂತ ಮಂಚದ ಕೆಳಗೆ ಚಪ್ಪಲಿ ಹುಡುಕ್ತಿದ್ದಾಳೆ."