ಎಂಜಿನ್ ಸದ್ದು

ಆಸ್ತಿ ಪಾಲಾದ ಮೇಲೆ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ತಮ್ಮನಿಗೆ ಗಾಳಿ, ಉಬ್ಬರ, ಇಳಿತ ಒಂದೂ ತಿಳಿಯದು. ಅಣ್ಣನ ಎಂಜಿನ್ ಸದ್ದು ಕೇಳಿದ ದಿನ ತಾನೂ ದೋಣಿ ನೂಕುತ್ತಾನೆ. ಅಣ್ಣನ ಪಕ್ಕದಲ್ಲೇ ಬಲೆ ಬಿಟ್ಟು ಅರ್ಧ ಮೀನು ಬಾಚುತ್ತಾನೆ.

ಇವತ್ತು ಅಣ್ಣ ಬಲೆ ಹೊತ್ತು ದೋಣಿ ಹತ್ತುವಾಗ ಹೆಂಡತಿ ಅಡ್ಡ ನಿಂತಳು.

"ಗಾಳಿ ತೆಂಕಿನಿಂದ ಬೀಸ್ತಾ ಉಂಟು. ಅದರ ಮೇಲೆ ಇಳಿತ ಬೇರೆ. ಇಂಥ ಹೊತ್ತಲ್ಲಿ ಅಳಿವೆ ದಾಟಿದವರು ಯಾರು ಉಳಿದಿದ್ದಾರೆ?"

"ನನಗೆ ಕಡಲು ಕಲಿಸಬೇಡ."

"ಮಕ್ಕಳ ಮುಖ ಆದ್ರೂ ನೋಡಿ."

ಅವನು ಎಂಜಿನ್ ಚಾಲೂ ಮಾಡಿದ.

ಪಕ್ಕದ ಮನೆಯ ಬಾಗಿಲು ತೆರೆಯಿತು. ತಮ್ಮ ಓಡಿ ಬಂದು, ಇವತ್ತು ತಾನೇ ಮುಂದಾಗಬೇಕೆಂದು ದೋಣಿ ನೂಕಿ, ಹೊಳೆಯ ತಿರುವಿನಾಚೆ, ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಮರೆಯಾದ.

ಅಣ್ಣ ಎಂಜಿನ್ ಬಂದ್ ಮಾಡಿ ಕೆಳಗಿಳಿದ.

"ಚಾ ಇಡು," ಅಂದ.