ಇಂಚರ ಬರೆದ ನಾಲ್ಕನೇ ಕಾರ್ಡ್

ಯಾರೋ ಕಳಿಸಿದ್ದನ್ನ ನಿಮಗೆ ದಾಟಿಸ್ತಿಲ್ಲ... ಕಣ್ಣಾರೆ ಕಂಡಿದ್ದು. ಈ ಸಲ ಒಗ್ಗರಣೆ ಹಾಕಿಲ್ಲ, ನಂಬಿ. ಉಪ್ಪು ಮಾತ್ರ ಸ್ವಲ್ಪ ಇದೆ...

ಶನಿವಾರ ನಮ್ಮೂರಿನ ವಿಶೇಷ ಶಾಲೆಗೆ ಹೋಗಿ ಮಿಮಿಕ್ರಿ ಮಾಡಿ ಮಕ್ಕಳನ್ನ ನಗಿಸೋದು ನನ್ನ ಅಭ್ಯಾಸ.

ಅಲ್ಲಿ ಇಂಚರ ಅಂತ ಒಬ್ಬ ಹುಡುಗಿ. ಹದಿನೇಳು ವರ್ಷ, ಆಟಿಸಂ. ಮಾತು ತೀರಾ ಕಡಿಮೆ. ನನ್ನ ಮಿಮಿಕ್ರಿಗೆ ಇವತ್ತಿನವರೆಗೂ ನಕ್ಕಿಲ್ಲ!

ಆದ್ರೆ ಅವಳ ಟೀ ಇದೆಯಲ್ಲ... ಆಹಾ!

ಆ ಶಾಲೇಲಿ ಪಾಠ ಎಲ್ಲ ಕೈಯಲ್ಲೇ. ಟೀ ಮಾಡೋ ಒಂದೊಂದು ಹೆಜ್ಜೆಗೂ ಗೋಡೆ ಮೇಲೆ ಒಂದೊಂದು ಚಿತ್ರ. ಡಬ್ಬಗಳ ಮುಚ್ಚಳದ ಮೇಲೂ ಒಳಗೇನಿದೆ ಅನ್ನೋ ಚಿತ್ರ.

ಕುಡಿಯೋರಿಗೂ ಮೂರು ಕಾರ್ಡ್. ಎರಡು ಚಮಚ ಸಕ್ಕರೆ, ಒಂದು ಚಮಚ, ಸಕ್ಕರೆ ಬೇಡ. ನೀವು ಯಾವುದನ್ನ ಮುಟ್ತೀರೋ ಅದು ನಿಮ್ಮ ಲೋಟದ ಕೆಳಗೆ ಬಂದು ಕೂರುತ್ತೆ.

ಅವತ್ತು ದಪ್ಪ ಮೀಸೆಯ ಹೋಟೆಲ್ ಯಜಮಾನ್ರೊಬ್ಬರು ಬಂದಿದ್ರು. ಅವರ ಟೀ ಕೌಂಟರ್‌ಗೆ ಇಂಚರಳನ್ನ ತಗೋತಾರಾ, ಇಲ್ವಾ... ಅವತ್ತೇ ತೀರ್ಮಾನ.

ಅವಳ ಅಮ್ಮ ಬಾಗಿಲ ಹತ್ರ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ರು.

ಯಜಮಾನ್ರ ದನಿ, ಚಳೀಲಿ ಸ್ಟಾರ್ಟ್ ಆಗದ ಸ್ಕೂಟರ್ ಥರ. "ಅಲ್ಲಾ ಮಿಸ್ಸು... ಚಿತ್ರ ನೋಡ್ಕೊಂಡು ಯಾರ್ ಬೇಕಾದ್ರೂ ಮಾಡ್ತಾರೆ. ಚಿತ್ರಾನೇ ತಪ್ಪಾಗಿದ್ರೆ?"

ಇಂಚರಗೆ ಟೀ ಕಲಿಸಿದ ಫಿಲೋಮಿನಾ ಮಿಸ್ ನಕ್ಕು, "ನೀವೇ ನೋಡಿ ಸಾರ್" ಅಂದ್ರು.

ಯಜಮಾನ್ರು ನನಗೆ ಕಣ್ಣು ಹೊಡೆದ್ರು. ಇಂಚರ ಕಿಟಕಿ ಕಡೆ ತಿರುಗಿದ್ದಾಗ, ಸಕ್ಕರೆ ಚಿತ್ರದ ಮುಚ್ಚಳ ತೆಗೆದು ಉಪ್ಪಿನ ಡಬ್ಬಕ್ಕೆ... ಉಪ್ಪಿನದನ್ನ ಸಕ್ಕರೆ ಡಬ್ಬಕ್ಕೆ!

ಅಮ್ಮ ಬಾಯಿ ತೆರೆದ್ರು. ಮಿಸ್ ಮೆಲ್ಲಗೆ ಅವರ ಕೈ ಹಿಡ್ಕೊಂಡ್ರು.

ಇಂಚರ ಟೀ ಸೋಸಿದ್ಲು. ಡಬ್ಬ ತೆರೆದ್ಲು... ಕೈ ನಿಂತುಬಿಡ್ತು.

ಯಜಮಾನ್ರನ್ನ ಒಂದು ಸಲ ನೋಡಿದ್ಲು. ಪೆನ್ಸಿಲ್ ತಗೊಂಡು ಏನೋ ಬರೆಯೋಕೆ ಕೂತುಬಿಟ್ಲು!

"ಆಯ್ತಲ್ಲ... ಗಾಡಿ ನಿಂತೋಯ್ತು" ಅಂದ್ರು ಯಜಮಾನ್ರು. ಅಮ್ಮನ ಕಣ್ಣು ತುಂಬಿತು.

ಎರಡು ನಿಮಿಷಕ್ಕೆ ನಾಲ್ಕು ಲೋಟ ಬಂತು. ನಾನು ಹೆದರುತ್ತಲೇ ಒಂದು ಗುಟುಕು... ಸಕ್ಕರೆ! ಸರಿಯಾಗಿ ನನ್ನ ಎರಡು ಚಮಚ. ಮಿಸ್‌ದೂ ಸರಿ, ಅಮ್ಮಂದೂ ಸರಿ.

ಯಜಮಾನ್ರು ಕುಡಿದ್ರು... "ಥೂ! ಉಪ್ಪು!"

ಅವರ ಲೋಟದ ಕೆಳಗೆ ಹೊಸದೊಂದು ಕಾರ್ಡ್. ಉಪ್ಪಿನ ಡಬ್ಬ, ಒಂದು ಚಮಚ... ಪಕ್ಕದಲ್ಲಿ ಅವರದೇ ದಪ್ಪ ಮೀಸೆ!

ಇಂಚರ ಮೆಲ್ಲಗೆ ಹೇಳಿದ್ಲು... "ಅಂಕಲ್ ಉಪ್ಪು ಮುಟ್ಟಿದ್ರು. ಅಂಕಲ್‌ಗೆ ಉಪ್ಪು ಇಷ್ಟ."

ಕಿಟಕಿ ಗಾಜಲ್ಲಿ ಅವಳಿಗೆ ಎಲ್ಲ ಕಾಣಿಸಿತ್ತು!

"ತಪ್ಪಾಯ್ತು ಸಾರ್..." ಅಂತ ಅಮ್ಮ ಮುಂದೆ ಬಂದ್ರು.

"ಎಂಥಾ ತಪ್ಪಮ್ಮಾ! ಇಪ್ಪತ್ತು ವರ್ಷದಿಂದ ಹೋಟೆಲ್ ನಡೆಸ್ತಿದ್ದೀನಿ... ಗಿರಾಕಿನ ಇಷ್ಟು ಗಮನ ಇಟ್ಟು ನೋಡೋರನ್ನ ಕಂಡಿಲ್ಲ. ಸೋಮವಾರದಿಂದ ಕರ್ಕೊಂಡ್ ಬನ್ನಿ. ಆ ಚಿತ್ರಗಳೂ ಬರಲಿ, ಕೌಂಟರ್ ಮೇಲೆ ಅಂಟಿಸೋಣ!"

ಮೀಸೆಯ ಕಾರ್ಡನ್ನ ಜೇಬಿಗಿಟ್ಟು ನಕ್ಕರು ನೋಡಿ... ನಮ್ಮೆಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರೋ ಹಾಗೆ!

ಕೈಯಾರೆ ಕಲಿತಿದ್ದು, ಯಾರು ಮುಚ್ಚಳ ಬದಲಿಸಿದ್ರೂ ಬದಲಾಗಲ್ಲ.

ಇವತ್ತು ನೀವು ಯಾರ ಮುಚ್ಚಳ ಮಾತ್ರ ನೋಡಿ, ಒಳಗಿರೋದನ್ನ ನೋಡದೆ ಬಂದ್ರಿ...?